ಯೂದಿತರ ತಮ್ಮ

"ಇವತ್ತು ನನ್ನಿಂದಾಗದು, ಡೆಲ್ಫಿನ್," ಎಂದು ಯೂದಿತ್ ಮಂಚದ ಅಂಚಿನಲ್ಲಿ ಕೂತೇ ಇದ್ದರು. ಒಂದೇ ಕಾಲಿಗೆ ಶೂ ಹಾಕಿಯಾಗಿತ್ತು.

ಹಂಗೇರಿಯ ಈ ಯಹೂದಿ ಅಜ್ಜಿಗೆ ತೊಂಬತ್ತು. ಚಳಿಗಾಲ ಕಳೆಯಲು ಅಬುಧಾಬಿಯ ಮೊಮ್ಮಗನ ಮನೆಗೆ ಬಂದಿದ್ದರು. ನೋಡಿಕೊಳ್ಳಲು ಗೊತ್ತುಮಾಡಿದ್ದ ನರ್ಸ್ ನಮ್ಮ ಕರಾವಳಿಯ ಶಿರ್ವದ ಡೆಲ್ಫಿನ್. ಬೆಳಗಿನಿಂದ ನಿಂತು ನಿಂತು ಅವಳ ಕಾಲೂ ಸೋತಿತ್ತು.

ಯೂದಿತ್ ಚಿಕ್ಕವಳಿದ್ದಾಗ, ನಾಜಿಗಳು ಊರಿನ ಯಹೂದಿಗಳನ್ನೆಲ್ಲ ಸಾವಿನ ಶಿಬಿರಕ್ಕೆಂದು ರೈಲಿಗೆ ತುಂಬುವಾಗ ನೆರೆಮನೆಯಾಕೆ, ಒಂದು ಮಗುವನ್ನು ಮಾತ್ರ ಅಡಗಿಸಬಲ್ಲೆ ಎಂದಿದ್ದಳಂತೆ. ತಾಯಿ ಯೂದಿತಳನ್ನು ಅವಳ ಕೈಗೊಪ್ಪಿಸಿ, ಆರು ವರ್ಷದ ಮಗ ಪೀತರನನ್ನು ಎತ್ತಿಕೊಂಡು ರೈಲು ಹತ್ತಿದಳು. ಇಬ್ಬರೂ ಮರಳಲಿಲ್ಲ. ಜನ ಮರೆಯಬಾರದೆಂದು ಯೂದಿತ್ ಇದನ್ನು ಊರೂರಿನ ಶಾಲೆಗಳಲ್ಲಿ ಹೇಳುತ್ತ ಬಂದಿದ್ದರು. ಹೇಳಿ ಹೇಳಿ ದಣಿದಿದ್ದರು. ಇವತ್ತು ಇಲ್ಲಿನ ಶಾಲಾಮಕ್ಕಳ ಮುಂದೆ ಹೇಳುವುದಿತ್ತು.

"ಬಿಪಿ ಜಾಸ್ತಿ ಉಂಟು ಮ್ಯಾಡಂ. ಬರ್ಲಿಕ್ಕೆ ಆಗುದಿಲ್ಲ ಅಂತ ನಾನೇ ಹೇಳ್ತೇನೆ."

"ಬೇಡ. ಮಕ್ಕಳು ಬಂದು ಕೂತಿರುತ್ತಾರೆ. ಆ ಇನ್ನೊಂದು ಶೂ ಕೊಡು."

ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರ ಹಾಲಿನಲ್ಲಿ ಶಾಲಾಮಕ್ಕಳು ಸೇರಿದ್ದರು. ಯೂದಿತರ ಮಾತು ರೈಲ್ವೆ ನಿಲ್ದಾಣದವರೆಗೆ ಬಂದು ನಿಂತೇಹೋಯಿತು. ಡೆಲ್ಫಿನ್ ನೀರು ಹಿಡಿದು ಓಡಿದಳು.

ಅಷ್ಟರಲ್ಲಿ ಅಶ್ಮಿತಾ ಎಂಬ ಹುಡುಗಿ ಎದ್ದು ನಿಂತಳು. "ಅದನ್ನು ಹೇಳುವುದು ಬೇಡ ಮ್ಯಾಡಂ. ನಿಮ್ಮ ತಮ್ಮ ಹೇಗಿದ್ದ? ಪೋಕರಿಯಾ?"

ಟೀಚರ್ ಅವಳನ್ನು ಕೂರಿಸಲು ಹೋದರು. ಯೂದಿತ್ ಕೈಯೆತ್ತಿ ತಡೆದರು.

"ಮಹಾ ಪೋಕರಿ! ಪಕ್ಕದ ಮನೆಯ ಪ್ಲಮ್ ಹಣ್ಣು ಕದ್ದು ಅಂಗಿಯೊಳಗೆ ತುಂಬಿಕೊಳ್ಳುತ್ತಿದ್ದ. ಕಲೆ ನೋಡಿ ಅಮ್ಮ ಗದರಿದರೆ, ಹಣ್ಣೇ ಬಂದು ಒಳಗೆ ಬಿತ್ತು ಅನ್ನುತ್ತಿದ್ದ."

ಮಕ್ಕಳು ಗೊಳ್ಳೆಂದು ನಕ್ಕರು. ಯೂದಿತರೂ ನಕ್ಕು, ಕಣ್ಣೊರೆಸಿಕೊಂಡರು. ಸೀಟಿ ಹೊಡೆಯಲು ಬಾರದೆ ಅವನು ಬರೀ ಉಗುಳು ಹಾರಿಸುತ್ತಿದ್ದುದು, ಕತ್ತಲೆಗೆ ಹೆದರಿ ಅಕ್ಕನ ಜಡೆ ಹಿಡಿದು ಮಲಗುತ್ತಿದ್ದುದು, ಎಲ್ಲ ಹೇಳಿದರು. ಡೆಲ್ಫಿನಳಿಗೂ ಇದೆಲ್ಲ ಹೊಸದು.

ಮನೆಗೆ ಮರಳುವಾಗ ಎಲೆಕ್ಟ್ರಾ ಸ್ಟ್ರೀಟಿನ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಯೂದಿತ್ ಕಣ್ಣು ಮುಚ್ಚಿಕೊಂಡೇ ಹೇಳಿದರು, "ಇಷ್ಟು ವರ್ಷ ಎಲ್ಲರೂ ಅವನು ಹೇಗೆ ಸತ್ತ ಅಂತ ಕೇಳಿದರು. ನಾನೂ ಅಷ್ಟೇ ಹೇಳಿದೆ. ಹೇಗೆ ಬದುಕಿದ್ದ ಅಂತ ಬಲ್ಲವಳು ಈಗ ನಾನೊಬ್ಬಳೇ."

"ಇನ್ನು ಸಾಕು ಮ್ಯಾಡಂ. ಖಲಾಸ್. ರೆಸ್ಟ್ ಮಾಡಿ."

"ದುಬೈ ಶಾಲೆಯವರು ಕರೆದಿದ್ದಾರಲ್ಲ? ಬರುತ್ತೇನೆ ಅಂತ ಹೇಳು."

ದುಬೈಯಲ್ಲಿ ಯೂದಿತ್ ಮಾತು ಆರಂಭಿಸಿದ್ದು ಪೀತರನ ತುಂಟಾಟದಿಂದ. ಕೊನೆಗೆ ನಿಲ್ದಾಣದ ಕತೆಯನ್ನೂ ಹೇಳಿದರು. ಅಂದು ದನಿ ನಿಲ್ಲಲಿಲ್ಲ. ಆದರೆ ದಣಿವೇನೂ ಇಳಿದಿರಲಿಲ್ಲ. ಡೆಲ್ಫಿನ್ ಅವರ ರಟ್ಟೆ ಹಿಡಿದು, ನಿಧಾನವಾಗಿ ಕಾರು ಹತ್ತಿಸಿದಳು.