ಪಂಕ್ತಿ ಬಿಟ್ಟೆದ್ದ ಕಪ್ತಾನ

ಇದನ್ನು ನೆಟ್ಟಗೆ ಹೇಳಬಲ್ಲವರು ರಾವೂರಿನಲ್ಲಿ ಇನ್ನೂ ಇದ್ದಾರು. ಅವರಿಗಿಂತ ಮುಂಚೆ ಬಾಯಿ ತೆರೆದದ್ದಕ್ಕೂ, ಎಲ್ಲಾದರೂ ತಪ್ಪಿದ್ದರೆ ಅದಕ್ಕೂ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ದುವಾರ್ತೆ ಗೋವೆಯ ಪೋರ್ತುಗೀಸ್ ಪಲ್ಟನ್ನಿನಲ್ಲಿ ಕಪ್ತಾನನಾಗಿದ್ದವನು. ಬರಿಗೈ ಜನರ ಮೇಲೆ ಗುಂಡು ಹಾರಿಸಲು ಒಲ್ಲೆನೆಂದು ನೌಕರಿ ಬಿಟ್ಟ. ನಿಜಾಮರ ಸೀಮೆಗೆ ಬಂದು, ವಾಡಿಯಲ್ಲಿ ರೈಲಿಳಿದು, ರಾವೂರಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಯಲ್ಲಿ ಮೇಲ್ವಿಚಾರಕನಾದ. ಕಲ್ಲು ಕುಸಿದು ಆಳುಗಳು ಸತ್ತ ಕುಣಿಗೆ ಮರುದಿನವೇ ಬೇರೆ ಆಳುಗಳನ್ನು ಇಳಿಸೆಂದು ಮಾಲೀಕ ಹೇಳಿದಾಗ, ದುವಾರ್ತೆ ಆಳುಗಳ ಕಡೆ ಹೋಗಿ ನಿಂತ. ಅಲ್ಲಿಂದಾಚೆ ಶಹಾಬಾದಿನಿಂದ ಸೇಡಂವರೆಗೆ ಗಣಿಯ ಜನಕ್ಕೆ ಅವನೇ ಮುಂದಾಳು. ಕನ್ನಡ ಕಲಿತ. ಭಾಷಣ ಮಾತ್ರ ಕವಾಯತಿನ ಹುಕುಮಿನಂತೆಯೇ ಇರುತ್ತಿತ್ತು.

ಒಂದು ಮಧ್ಯಾಹ್ನ, ಮುಷ್ಕರ ಹೂಡಿ ಕೆಲಸ ನಿಲ್ಲಿಸಿದ ಜನ ಗಣಿಯ ಅಂಚಿನಲ್ಲಿ ಸಾಲಾಗಿ ಊಟಕ್ಕೆ ಕುಳಿತಿದ್ದರು. ಆಳುಗಳಲ್ಲೊಬ್ಬನ ತಾಯಿ ಭಾಗಮ್ಮ ರೊಟ್ಟಿ, ಪುಂಡಿಪಲ್ಯ ನೀಡುತ್ತಿದ್ದಳು. ಅಷ್ಟರಲ್ಲಿ ದೂರದಲ್ಲಿ ಪೊಲೀಸ್ ಅಮೀನ ಬಂದೂಕಿನವರೊಂದಿಗೆ ಬರುವುದು ಕಾಣಿಸಿತು.

ಕುಳಿತವರು ಗುಂಡಿಗೆ ಸುಲಭದ ಗುರಿ. ಎದ್ದು ಚದುರಿ ನಿಲ್ಲಿರೆಂದು ದುವಾರ್ತೆ ಕೂಗಿದ. ಒಬ್ಬರೂ ಮಿಸುಕಲಿಲ್ಲ.

"ಪಂಕ್ತಿ ನಡುವ ಏಳಬಾರದ್ರಿ ಕಪ್ತಾನಸಾಬ," ಎಂದಳು ಭಾಗಮ್ಮ. "ಕಡೀ ಮನಷ್ಯಾ ಉಂಡು ಮುಗಸೂತನಕ ಯಾರೂ ಏಳಂಗಿಲ್ಲ. ಕುಂದ್ರಿ."

"ನಿಮ್ಮ ಪಲ್ಟನ್‌ದಾಗ ಉಣ್ಣಾಕ ಕೊಡ್ತಿದ್ದಿಲ್ಲೇನ್ರಿ?" ಎಂದು ಕಲ್ಲು ಕಡಿಯುವ ಮಶಾಕ ಕೆಣಕಿದ. ದುವಾರ್ತೆ ಕುಳಿತು ರೊಟ್ಟಿಗೆ ಕೈಯೊಡ್ಡಿದ.

ಅಮೀನ ಬಂದವನೇ, ತನಗೆ ಬೇಕಾದವನು ಫರಂಗಿಯೊಬ್ಬನೇ, ಅಡ್ಡ ಬಂದವರ ಮೇಲೆ ಗುಂಡು ಹಾರಿಸಲು ಹುಕುಂ ಇದೆಯೆಂದ. ಸಾಲಿನಲ್ಲಿ ಕುಳಿತಿದ್ದ ಭಾಗಮ್ಮನ ಮಗ ಸೂಗಪ್ಪನ ಎಡಗೈ ಮೆಲ್ಲಗೆ ಪಕ್ಕದಲ್ಲಿದ್ದ ಕಲ್ಲೊಡೆಯುವ ಸುತ್ತಿಗೆಯತ್ತ ಸರಿಯಿತು. ದುವಾರ್ತೆ ಅದನ್ನೂ ಕಂಡ, ಎದುರಿಗಿದ್ದ ಎಳೆಯ ಪೊಲೀಸನ ನಡುಗುವ ಬೆರಳನ್ನೂ ಕಂಡ. ನಡುಗುವ ಬೆರಳು ಹುಕುಮಿಗೆ ಕಾಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಊಟ ಮುಗಿದ ಮೇಲೆ ತಾನೆದ್ದರೆ ಸಾಲಿಗೆ ಸಾಲೇ ಏಳುತ್ತದೆ, ಸುತ್ತಿಗೆಗಳೂ ಏಳುತ್ತವೆ. ಈಗಲೇ ಎದ್ದರೆ, ಇವರ ಕಟ್ಟಳೆಯೇ ಇವರನ್ನು ಕುಳ್ಳಿರಿಸಿ ಇಟ್ಟೀತು. ಇಟ್ಟೀತೋ, ಇಲ್ಲವೋ.

ಅರ್ಧ ತಿಂದ ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಎದ್ದ.

"ಪಂಕ್ತಿ ಮುರದಾವ ನಾ ಒಬ್ಬನ. ಭಾಗಮ್ಮವ್ವ, ನೀವು ನೀಡ್ರಿ."

ಭಾಗಮ್ಮ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಬುಟ್ಟಿಯನ್ನು ಸೊಂಟಕ್ಕೇರಿಸಿ ಮಗನ ಮುಂದೆ ಹೋಗಿ ನಿಂತಳು.

"ಸೂಗ್ಯಾ, ರೊಟ್ಟಿ ಎರಡೂ ಕೈಲೆ ಹಿಡಿ."

ಸೂಗಪ್ಪ ಹಲ್ಲು ಕಚ್ಚಿಕೊಂಡು ಕುಳಿತಿದ್ದ. ಅವಳು ಕದಲಲಿಲ್ಲ. ಕಡೆಗೆ ಅವನ ಎಡಗೈ ಸುತ್ತಿಗೆಯನ್ನು ಬಿಟ್ಟು ಬಲಗೈಯ ಪಕ್ಕಕ್ಕೆ ಬಂತು. ಅವಳು ಮುಂದಿನವನಿಗೆ ನೀಡಿದಳು, ಅವನಾಚೆಯವನಿಗೂ ನೀಡಿದಳು. ಪೊಲೀಸರು ದುವಾರ್ತೆಯ ಕೈ ಕಟ್ಟಿದರು, ನಡೆಸಿಕೊಂಡು ಹೋದರು. ಕಡೆಯ ಮನುಷ್ಯ ಉಂಡು ಮುಗಿಸುವವರೆಗೆ ಸಾಲಿನಿಂದ ಒಬ್ಬರೂ ಏಳಲಿಲ್ಲ.

ಆಮೇಲೆ ಅವನನ್ನು ಹೈದರಾಬಾದಿಗೆ ಒಯ್ದರೋ, ಗೋವೆಯವರಿಗೆ ಒಪ್ಪಿಸಿದರೋ, ಬದುಕಿದನೋ, ಗೊತ್ತಿಲ್ಲ. ಸೂಗಪ್ಪ ಎದ್ದಿದ್ದರೆ ಆ ಎಳೆಯ ಪೊಲೀಸ ನಿಜಕ್ಕೂ ಗುಂಡು ಹಾರಿಸುತ್ತಿದ್ದನೇ ಎಂಬುದೂ ಗೊತ್ತಿಲ್ಲ.