ಕಂಪ್ಯೂಟರ್ ಕೆಡಿಸಿದ ದಯಾನಂದ ಮೇಷ್ಟ್ರು

ಗುಬ್ಬಿಯ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ದಯಾನಂದ ಮೇಷ್ಟ್ರು, ಕಂಪ್ಯೂಟರನ್ನು ಕಣ್ಣಾರೆ ನೋಡುವ ಮೊದಲೇ ಅದನ್ನು ಸಾಯಿಸುವುದು ಹೇಗೆಂದು ಹುಡುಗರಿಗೆ ಪಾಠ ಮಾಡಿದ್ದರು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ‘ಈ ವಾಕ್ಯ ಸುಳ್ಳು’ ಎಂದು ಬರೆಯುವರು.

“ನಿಜ ಅಂದ್ರೆ ಸುಳ್ಳಾಗುತ್ತೆ, ಸುಳ್ಳು ಅಂದ್ರೆ ನಿಜ ಆಗ್ಬಿಡುತ್ತೆ. ಮನುಷ್ಯ ಆದ್ರೆ ತಲೆ ಕೆರ್ಕೊಂಡು ಕಾಫಿಗೆ ಹೋಗ್ತಾನೆ. ಕಂಪ್ಯೂಟರ್ ಪಾಪ ಎಲ್ಲಿಗೆ ಹೋಗುತ್ತೆ?”

ಹೀಗೆಂದು ಕುರ್ಚಿಯಲ್ಲಿ ಕೂತು ತಾವೇ ಕಂಪ್ಯೂಟರ್ ಆಗುವರು. ಮೊದಲು ರೇಡಿಯೊ ವಾರ್ತೆಯವರ ಗಂಭೀರ ದನಿಯಲ್ಲಿ “ನಿಜ... ಸುಳ್ಳು... ನಿಜ...”, ಆಮೇಲೆ ಚೇಳೂರು ಬಸ್ಸು ದಿಬ್ಬ ಹತ್ತುವ ಗೊರಗೊರ, ಕೊನೆಗೆ ಕಣ್ಣುಗುಡ್ಡೆ ಮೇಲೆ ಮಾಡಿ, ಬಾಯಿಂದ ಹೊಗೆ ಬಿಟ್ಟಂತೆ ಉಸ್ಸೆಂದು ಒರಗುವರು. ಪಕ್ಕದ ಕ್ಲಾಸಿನವರೂ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು. ಇದನ್ನು ಎಲ್ಲಿ ಓದಿದ್ದರೋ ಅವರಿಗೇ ನೆನಪಿರಲಿಲ್ಲ. ಸರಿಯಾಗಿ ಯೋಚಿಸಲೆಂದೇ ಹುಟ್ಟಿದ ಯಂತ್ರ ಅಡ್ಡಾದಿಡ್ಡಿಯಾದದ್ದನ್ನು ನುಂಗಲಾರದು ಎಂಬುದರಲ್ಲಿ ಮಾತ್ರ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ತೊಂಬತ್ತೇಳರಲ್ಲಿ ಕಾಲೇಜಿಗೇ ಕಂಪ್ಯೂಟರ್ ಬಂತು. ಲೈಬ್ರರಿಯ ಅರ್ಧಕ್ಕೆ ಪರದೆ ಕಟ್ಟಿದರು, ನೆಲಕ್ಕೆ ಕಾರ್ಪೆಟ್ ಹಾಸಿದರು. ಮೇಷ್ಟ್ರ ಕ್ಲಾಸಿಗೆ ಕೆಸರುಗಾಲಲ್ಲಿ ನುಗ್ಗುವ ಹುಡುಗರು ಅಲ್ಲಿ ಚಪ್ಪಲಿ ಬಿಟ್ಟು, ಗರ್ಭಗುಡಿಗೆ ಹೋದಂತೆ ಒಳಗೆ ಹೋಗುತ್ತಿದ್ದರು. ಅಲ್ಲಿ ಹೇಳಿಕೊಡಲು ಬಂದವಳು ಪ್ರಮೀಳಾ. ಮೇಷ್ಟ್ರ ಹತ್ತಿರವೇ ತರ್ಕ ಕಲಿತು, ಆಮೇಲೆ ತುಮಕೂರಿನಲ್ಲಿ ಡಿಪ್ಲೊಮಾ ಮಾಡಿದ್ದ ಹುಡುಗಿ. ಮರುವರ್ಷದ ಹೊತ್ತಿಗೆ ತರ್ಕಶಾಸ್ತ್ರಕ್ಕೆ ಉಳಿದವರು ಏಳು ಜನ. “ಮೌಸ್ ಬಂತು, ಇನ್ನು ಮೇಷ್ಟ್ರು ಬಿಲ ಸೇರ್ಕೋಬೇಕು” ಎಂದು ಮೇಷ್ಟ್ರು ತಾವೇ ಸ್ಟಾಫ್ ರೂಮನ್ನು ನಗಿಸಿದರು.

ಆ ನಗು ಆಯುಧಪೂಜೆಯವರೆಗೂ ನಡೆಯಿತು.

ಅಂದು ಕಂಪ್ಯೂಟರಿನ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಕೀಬೋರ್ಡಿನ ಮುಂದೆ ನಿಂಬೆಹಣ್ಣು. ಅಟೆಂಡರ್ ತಿಪ್ಪಯ್ಯ ಬಾಗಿಲಲ್ಲಿ ಬೂದುಗುಂಬಳ ಒಡೆದ. ಕಾಲೇಜಿನ ಸೆಕ್ರೆಟರಿ ಶಿವಮೂರ್ತಿ ಕೊಬ್ಬರಿ ವ್ಯಾಪಾರದಲ್ಲಿ ಕುದುರಿದ ಮನುಷ್ಯ. ಕಡ್ಲೆಪುರಿ ಮೆಲ್ಲುತ್ತ, ಎಲ್ಲರ ಎದುರಿಗೇ ಹೇಳಿದರು.

“ಮೇಷ್ಟ್ರೇ, ಜೂನ್‌ನಿಂದ ನಿಮ್ ಸಬ್ಜೆಕ್ಟ್ ನಿಲ್ಲಿಸ್ತಾ ಇದೀವಿ. ನೀವೇನ್ ಯೋಚ್ನೆ ಮಾಡ್ಬೇಡಿ. ಕುಣಿಗಲ್‌ನಾಗೆ ನಮ್ ಹಾಸ್ಟೆಲ್ಗೆ ವಾರ್ಡನ್ ಇಲ್ಲ. ಹುಡುಗ್ರು ಉಂಡ್ರಾ, ಮಲಗಿದ್ರಾ ನೋಡ್ಕಳಿ, ಅಷ್ಟೇಯ.”

“ಲಾಜಿಕ್ ಹೋಗಿ ಲಾಡ್ಜಿಂಗ್ ಬಂತು ಅನ್ನಿ” ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆ ಇನ್ನು ಹಾಸ್ಟೆಲ್ ಸಾರಿಗೆ ಉಪ್ಪು ಸಾಕೇ ಎಂದು ನೋಡಬೇಕು.

ಶಿವಮೂರ್ತಿಗೆ ಆ ನಗು ರುಚಿಸಿತು. “ಅಲ್ಲಾ, ನೀವ್ ಒಂದ್ ಮಾತ್ ಹೇಳಿದ್ರೆ ಕಂಪ್ಯೂಟರ್ ಹೊಗೆ ಹಾಕ್ಕಂಡ್ ನಿಂತೋಯ್ತದೆ ಅಂತ ಪಾಠ ಮಾಡ್ತೀರಂತೆ? ಎಲ್ಲಿ, ನಿಲ್ಲಿಸಿ ನೋಡನ. ನಿಂತ್ರೆ ನಿಮ್ ಸಬ್ಜೆಕ್ಟ್ ಉಳೀತು. ನಿಲ್ಲಲಿಲ್ವಾ, ಕುಣಿಗಲ್.”

“ಇಷ್ಟು ಜನದ ಮುಂದೆ ಹೇಳ್ತಿದೀರಿ ಸಾರ್.”

“ಪೂಜೆ ದಿನ ಹೇಳ್ತಾ ಇದೀನಿ, ಬುಡಿ.”

ಉಳಿದವರಿಗೆ ಅದು ಪುರಿಯ ಜೊತೆಗಿನ ಹರಟೆ. ಮೇಷ್ಟ್ರಿಗೆ ಹಾಗಲ್ಲ. ‘ಹೀಗಾದರೆ ಹಾಗೆ’ ಎಂದು ಒಬ್ಬ ಬಾಯಿಬಿಟ್ಟು ಹೇಳಿದ ಮೇಲೆ ಹೀಗಾದಾಗ ಹಾಗಾಗಲೇಬೇಕು. ಅವರು ಜೀವಮಾನವಿಡೀ ಹೇಳಿಕೊಟ್ಟದ್ದೇ ಅದು. ನಂಬಿಬಿಟ್ಟರು.

ಪ್ರಮೀಳಾ ಹಾರ ಸರಿಸಿ ಕೂತಳು. ಮೇಷ್ಟ್ರು ಹೇಳಿದ ವಾಕ್ಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಯಂತ್ರ ತಪ್ಪಾಗಿದೆ ಎಂಬಂತೆ ಒಂದು ಸಾಲು ತೋರಿಸಿ, ಮುಂದೇನು ಎಂದು ಮಿಟುಕಿಸುತ್ತ ನಿಂತಿತು.

“ಅದಕ್ಕೆ ಅರ್ಥ ಆಗ್ಲಿಲ್ಲ ಸಾರ್. ಅದರ ಭಾಷೆಲೇ ಬರೀತೀನಿ” ಎಂದಳು. ನಿಜವಿದ್ದರೆ ಸುಳ್ಳು ಮಾಡು, ಸುಳ್ಳಿದ್ದರೆ ನಿಜ ಮಾಡು, ಪ್ರತಿಸಲವೂ ತೋರಿಸು. ನಿಜಕ್ಕೆ ಒಂದು, ಸುಳ್ಳಿಗೆ ಸೊನ್ನೆ. ಗುಂಡಿ ಒತ್ತಿದಳು. ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಪರದೆಯ ತುಂಬ ಸುರಿಯತೊಡಗಿತು.

ಮೇಷ್ಟ್ರು ಹೊಗೆಗೆ ಕಾದರು. ಯಂತ್ರಕ್ಕೆ ದಣಿವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ನಿಜವೆಂದದ್ದನ್ನು ಮರುಗಳಿಗೆಯೇ ಸುಳ್ಳೆನ್ನಲು ಅದಕ್ಕೆ ಏನೂ ಅಡ್ಡಿಯಿರಲಿಲ್ಲ. ಬಾಗಿಲು ತೆಗೆದು ಹಾಕಿ ಮಾಡಿದಷ್ಟೇ ಸಲೀಸು.

“ಎಷ್ಟು ಚೆನ್ನಾಗಿ ಓಡ್ತಾ ಐತೆ! ನಿಮ್ ವಾಕ್ಯ ಅದಕ್ಕೆ ತಿಂಡಿ ಹಾಕ್ದಂಗಾಯ್ತು ಮೇಷ್ಟ್ರೇ” ಎಂದು ಶಿವಮೂರ್ತಿ ಹೊಟ್ಟೆ ಹಿಡಿದು ನಕ್ಕರು.

ಪ್ರಮೀಳಾ ತಲೆಯೆತ್ತಿ ಮೇಷ್ಟ್ರ ಮುಖ ನೋಡಿದಳು. “ಒಂದ್ನಿಮಿಷ ಸಾರ್, ಒಂದ್ ಸಾಲು ಬಿಟ್ಟೋಗಿತ್ತು” ಎಂದು ಓಟ ನಿಲ್ಲಿಸಿ, ಏನೋ ಸೇರಿಸಿದಳು. ಹಿಂದೆ ನಿಂತಿದ್ದ ಮೇಷ್ಟ್ರು ಓದಿಕೊಂಡರು. ಒಂದಷ್ಟು ಸಲ ಆದಮೇಲೆ ಐವತ್ತನೇ ಸಾಲಿಗೆ ಹೋಗು. ಐವತ್ತನೇ ಸಾಲು ಹೇಳುತ್ತಿದ್ದುದು, ಐವತ್ತನೇ ಸಾಲಿಗೆ ಹೋಗು. ಅದರಲ್ಲಿ ನಿಜವೂ ಇರಲಿಲ್ಲ, ಸುಳ್ಳೂ ಇರಲಿಲ್ಲ, ಅವರ ತರ್ಕವಂತೂ ಇರಲೇ ಇಲ್ಲ. ಗೂಟಕ್ಕೆ ಕಟ್ಟಿದ ಎತ್ತು, ಅಷ್ಟೇ.

ಒಂದು, ಸೊನ್ನೆ ಸ್ವಲ್ಪ ಹೊತ್ತು ಸುರಿದು, ಗಕ್ಕೆಂದು ನಿಂತವು.

“ಅಯ್ಯಯ್ಯಪ್ಪೋ, ನಿಂತೋಯ್ತು ಕಣ್ರಪ್ಪೋ!” ತಿಪ್ಪಯ್ಯ ಕೂಗಿದ. ಚಪ್ಪಾಳೆ ಬಿತ್ತು. ಶಿವಮೂರ್ತಿ ಬಗ್ಗಿ ಒಂದೆರಡು ಗುಂಡಿ ಒತ್ತಿದರು. ಏನೂ ಅಲುಗಲಿಲ್ಲ. ಮುಖದ ನಗು ಹೋಯಿತು.

“ಏನಮ್ಮಾ, ಮಿಷನ್ ಕೆಟ್ಟೋಯ್ತಾ? ಯಾರಿಂದ? ಮೇಷ್ಟ್ರ ಮಾತಿಂದ್ಲಾ, ನಿನ್ ಕೈಯಿಂದ್ಲಾ?”

ಪ್ರಮೀಳಾಳ ಬೆರಳುಗಳು ಕೀಬೋರ್ಡಿನ ಮೇಲೆಯೇ ಉಳಿದವು.

“ನನ್ನ ಮಾತಿಂದ್ಲೇ” ಎಂದರು ಮೇಷ್ಟ್ರು. “ನಿಂತ್ರೆ ಸಬ್ಜೆಕ್ಟ್ ಉಳೀತು ಅಂದಿದ್ರಿ. ನಿಂತಿದೆ.”

ತರ್ಕದ ವಿಷಯದಲ್ಲಿ ಅವರು ತಿಳಿದು ತಿಳಿದೂ ಆಡಿದ ಮೊದಲ ಸುಳ್ಳು. ದನಿ ನಡುಗಬಹುದು ಎಂದುಕೊಂಡಿದ್ದರು. ನಡುಗಲಿಲ್ಲ.

ಶಿವಮೂರ್ತಿ ಇನ್ನೊಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡರು. “ಹೂಂ, ಅಂದಿದ್ದೆ. ಈಗ ಕಣ್ಣಾರೆ ಕಂಡ್ನಲ್ಲ. ಇಂಥಾ ಮಿಷನ್ನ ಒಂದ್ ಮಾತಿಗೆ ಕೆಡಿಸಾಕೋ ಸಬ್ಜೆಕ್ಟ್‌ನ ಕಾಲೇಜ್ ಒಳಗೆ ಇಟ್ಕಳಕಾಯ್ತದಾ? ಜೂನ್‌ಗಂಟ ಯಾಕೆ, ದೀಪಾವಳಿ ಕಳೀತಿದ್ದಂಗೆ ಹೊರಡಿ. ಆ ಏಳು ಮಕ್ಳಿಗೆ ನೋಟ್ಸ್ ಬರೆಸಿಬುಡಿ.”

“ನಿಲ್ಲದಿದ್ರೂ ಕುಣಿಗಲ್, ನಿಂತ್ರೂ ಕುಣಿಗಲ್. ಇದು ಹೆಂಗ್ ಸಾರ್?”

“ಹಂಗೇಯ.”

ಮೇಷ್ಟ್ರು ಆ ಮುಖವನ್ನೇ ನೋಡುತ್ತ ನಿಂತರು. ಎಲ್ಲಾದರೂ ಒಂದು ತೊಡಕು, ಒಂದು ತಡವರಿಕೆ ಕಾಣಬೇಕಿತ್ತು. ಶಿವಮೂರ್ತಿ ಪುರಿ ಅಗಿಯುತ್ತಿದ್ದರು. ಆ ಕಡೆ ಪ್ರಮೀಳಾ ಯಂತ್ರವನ್ನು ಆರಿಸಿ ಮತ್ತೆ ಹಾಕಿದಳು. ಅದು ಕುಯ್ ಎಂದು ಎದ್ದು, ಏನೂ ನಡೆದೇ ಇಲ್ಲವೆಂಬಂತೆ ಮಿಟುಕಿಸತೊಡಗಿತು.

ಹೊರಗೆ ಚಪ್ಪಲಿ ಮೆಟ್ಟುವಾಗ ಪ್ರಮೀಳಾ ಪಿಸುಗುಟ್ಟಿದಳು. “ಸಾರ್, ನಿಲ್ಲಿಸಿದ್ದು ನಾನು.”

“ನೋಡ್ದೆ ಕಣಮ್ಮ.”

“ನೋಡಿದ್ರಾ? ಮತ್ಯಾಕೆ ಹೇಳ್ಲಿಲ್ಲ? ನನ್ ಕೆಲಸ ಹೋಗುತ್ತೆ ಅಂತಾನಾ?”

ಹೌದು ಎನ್ನಬಹುದಿತ್ತು, ಆದರೆ ಆಗ ಅವರ ತಲೆಯಲ್ಲಿದ್ದದ್ದು ತಮ್ಮ ಸಬ್ಜೆಕ್ಟ್ ಮಾತ್ರ. ಅದು ಆ ದಿನದ ಎರಡನೇ ಸುಳ್ಳಾಗುತ್ತಿತ್ತು. ಮೇಷ್ಟ್ರು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿದುಕೊಂಡು ಮನೆಗೆ ಹೋಗುವ ತುಮಕೂರು ಬಸ್ಸಿಗೆ ನಡೆದರು.

ಸುದ್ದಿ ಗುಬ್ಬಿ ಬಸ್‌ಸ್ಟ್ಯಾಂಡಿನ ತುಂಬ ಹಬ್ಬಿತು. ದೀಪಾವಳಿಯ ಮುಂಚಿನ ಕೊನೆಯ ಕ್ಲಾಸಿಗೆ ಸೈನ್ಸಿನವರೂ ಬಂದು ಗೋಡೆಗೊರಗಿ ನಿಂತಿದ್ದರು. ಬೆಲ್ ಹೊಡೆಯಲು ಬಂದ ತಿಪ್ಪಯ್ಯ ಬಾಗಿಲು ಬಿಟ್ಟು ಕದಲಲಿಲ್ಲ. ತರ್ಕದ ಏಳು ಜನರಲ್ಲಿ ಒಬ್ಬಳಾದ ಶೃತಿ ಎದ್ದು ನಿಂತಳು.

“ಸಾರ್, ನಿಜವಾಗ್ಲೂ ನಿಮ್ ವಾಕ್ಯಕ್ಕೇ ಕಂಪ್ಯೂಟರ್ ನಿಂತೋಯ್ತಾ?”

ಇಲ್ಲವೆಂದರೆ ತಿಪ್ಪಯ್ಯನ ಮೂಲಕ ಅದು ಸಂಜೆಯೊಳಗೆ ಶಿವಮೂರ್ತಿಯ ಕೊಬ್ಬರಿ ಮಂಡಿ ಮುಟ್ಟುತ್ತದೆ, ನಾಳೆ ಪ್ರಮೀಳಾ ಕೆಲಸ ಕಳೆದುಕೊಂಡು ಮನೆಗೆ.

“ಹೂಂ ಕಣಮ್ಮ, ನಿಂತೋಯ್ತು.”

“ಹಾಗಾದ್ರೆ ಪರೀಕ್ಷೇಲೂ ಹಂಗೇ ಬರೀಬೋದಾ ಸಾರ್?”

ಮೇಷ್ಟ್ರು ಬೋರ್ಡಿನ ಕಡೆ ತಿರುಗಿಕೊಂಡರು.

“ಬರೀಬೋದು” ಎಂದರು.

ಏಳೂ ಜನ ತಲೆ ತಗ್ಗಿಸಿ ಬರೆದುಕೊಂಡರು.