ಮೆಕ್ಕೆಜೋಳದ ತೆನೆ ತುದಿವರೆಗೂ ತುಂಬಬೇಕಾದರೆ

ಮೆಕ್ಕೆಜೋಳದ ತೆನೆ ಸುಲಿದು ನೋಡಿದರೆ ಕಾಳು ಅರ್ಧಕ್ಕೇ ನಿಂತಿತ್ತು. ತುದಿಯೆಲ್ಲ ಬೋಳು.

“ನಿಮ್ಮ ತಲೆ ಥರಾನೇ ಇದೆ” ಎಂದಳು ಹೆಂಡತಿ.

ಊರವರು ಗುಡುಗಪ್ಪ ಎಂದು ಕರೆಯುವ ಗಂಡ ಗುಡುಗಿದ: “ನಗಬೇಡ! ಈ ಸಲ ಯೂರಿಯಾ ಎರಡರಷ್ಟು ಸುರೀತೀನಿ.”

“ಹೋದ ಸಲವೂ ಸುರಿದ್ರಿ. ಕಾಳೆಲ್ಲಿ? ಬಾವಿ ಪಕ್ಕದ ತುಂಡು ಹೊಲ ನನಗೆ ಬಿಡಿ. ಎರೆಗೊಬ್ಬರ ಹಾಕಿ ತೋರಿಸ್ತೀನಿ.”

“ಬಿಟ್ಟೆ ತಗೋ! ಬೆಳೆ ಬರದಿದ್ರೆ ನಿನ್ನ ಎರೆಹುಳದ ತೊಟ್ಟಿ ಒಡೆದು ಆ ಜಾಗದಲ್ಲಿ ಆಡು ಕಟ್ತೀನಿ.”

ಬಿತ್ತನೆಗೆ ಮೊದಲು ಒಂದು ದಿನ, ಹೆಂಡತಿ ತವರಿಗೆ ಹೋಗಿದ್ದಾಗ, ಗುಡುಗಪ್ಪ ಹಿತ್ತಲಿನ ತೊಟ್ಟಿಗೆ ಇಣುಕಿದ. ಎರೆಹುಳಗಳು ಬಡಕಲಾಗಿ ಕಂಡವು. ಅವನ ಬಾಯಿ ಜೋರಾದರೂ ಕರುಳು ಮೆತ್ತಗೆ. ಬಿಸಿ ಆರದ ಸಗಣಿಯನ್ನು ಬುಟ್ಟಿಗಟ್ಟಲೆ ತಂದು ಸುರಿದ. “ತಿನ್ನಿ, ಹೊಟ್ಟೆ ಬಿರಿಯ ತಿನ್ನಿ!”

ಬೆಳಗಾಗುವಷ್ಟರಲ್ಲಿ ಹುಳಗಳು ಗೋಡೆ ಹತ್ತಿ ಹೊರಟಿದ್ದವು. ಕೋಳಿಗಳಿಗೆ ಔತಣವೋ ಔತಣ. ಪಂಚೆ ಎತ್ತಿಕಟ್ಟಿ ಕೋಳಿಗಳ ಹಿಂದೆ ಓಡುತ್ತಿದ್ದ ಗುಡುಗಪ್ಪನನ್ನು ಕಂಡು ಪಕ್ಕದ ಮನೆಯ ಅಕ್ಕ ಬೇಲಿ ಹಿಡಿದು ನಕ್ಕಳು. ಹೆಂಡತಿಗೆ ಹುಳ ಸಾಕಲು ಕಲಿಸಿದವಳು ಅವಳೇ.

“ಅಯ್ಯೋ ತಮ್ಮಾ, ಹಸಿ ಸಗಣಿ ಒಳಗೊಳಗೇ ಕಾಯುತ್ತೆ. ಎರಡು ವಾರವಾದ್ರೂ ನೆರಳಲ್ಲಿ ಆರಿಸಿ ಹಾಕ್ಬೇಕು. ತೆಗಿ ಬೇಗ! ಒದ್ದೆ ಗೋಣಿ ಮುಚ್ಚು.”

ಇಬ್ಬರೂ ಸೇರಿ ಉಳಿದ ಹುಳಗಳನ್ನು ಕಾಪಾಡಿದರು.

“ಒಳ್ಳೇದಾಗ್ಲಿ ಅಂತ ಹಾಕಿದ್ದು, ಅಕ್ಕಾ” ಎಂದು ಗುಡುಗಪ್ಪ ಗೊಣಗಿದ.

“ಜೋಳಕ್ಕೂ ಹಾಗೇ ಮಾಡ್ತೀಯ. ಬುಡಕ್ಕೆ ಯೂರಿಯಾ ರಾಶಿ ಹಾಕಿದ್ರೆ ಬೇರು ಸುಡುತ್ತೆ, ತೆನೆ ತುಂಬಲ್ಲ.”

“ಹಾಗಾದ್ರೆ ಯೂರಿಯಾನೇ ಬೇಡ್ವಾ?”

“ಬೇಕಪ್ಪಾ. ಎರೆಗೊಬ್ಬರ ಒಂದರಿಂದಲೇ ಜೋಳದ ಹಸಿವು ತೀರಲ್ಲ. ಬಿತ್ತೋ ಸಾಲಿಗೆ ಎರೆಗೊಬ್ಬರ ಹಾಕು. ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲಿ ಹೇಳಿದಷ್ಟೇ ರಸಗೊಬ್ಬರ ಕೊಡು. ಯೂರಿಯಾನ ಬಿತ್ತುವಾಗ ಸ್ವಲ್ಪ, ಗಿಡ ಮೊಣಕಾಲೆತ್ತರ ಬಂದಾಗ ಸ್ವಲ್ಪ, ಹೂವಿಗೆ ಮುಂಚೆ ಸ್ವಲ್ಪ ಹಾಕು. ಮಣ್ಣು ಹಸಿ ಇರ್ಬೇಕು. ಬುಡದಿಂದ ಒಂದು ಗೇಣು ದೂರ ಹಾಕಿ ಮುಚ್ಚಬೇಕು.”

ಇದ್ದ ಎರೆಗೊಬ್ಬರ ಬಾವಿ ಪಕ್ಕದ ತುಂಡಿಗಷ್ಟೇ ಸಾಕಾಯಿತು. ಅಕ್ಕ ಹೇಳಿದ ಹಾಗೆಯೇ ಗಂಡ ಹೆಂಡತಿ ಅಲ್ಲಿ ದುಡಿದರು.

ಕೊಯ್ಲಿನ ದಿನ ಆ ತುಂಡಿನ ತೆನೆ ಸುಲಿದ ಗುಡುಗಪ್ಪ ಕಣ್ಣರಳಿಸಿದ. ಬುಡದಿಂದ ತುದಿವರೆಗೂ ಒತ್ತೊತ್ತಾಗಿ ಕಾಳು! “ಬನ್ರೋ, ನೋಡ್ರೋ, ನಮ್ಮವಳು ಬೆಳೆದಿದ್ದು!” ಎಂದು ಊರೇ ಕೇಳುವಂತೆ ಕೂಗಿದ.

“ತೊಟ್ಟಿ ಗತಿ ಏನು?” ಎಂದಳು ಹೆಂಡತಿ.

“ಇನ್ನೊಂದು ಕಟ್ಟೋಣ. ಹೊಲಕ್ಕೆಲ್ಲ ಸಾಲ್ಬೇಡ್ವಾ?”

ಅಣ್ಣಂದಿರೇ, ಅಕ್ಕಂದಿರೇ, ಸಗಣಿ, ಒಣಗಿದ ಎಲೆ, ಜೋಳದ ದಂಟು ನಿಮ್ಮಲ್ಲೂ ಬಿದ್ದಿವೆ. ದಯವಿಟ್ಟು ಬೆಂಕಿ ಹಚ್ಚಬೇಡಿ. ಎರೆಹುಳ ಸಾಕಿ, ಮಣ್ಣು ಪರೀಕ್ಷೆ ಮಾಡಿಸಿ, ಮೊದಲು ಒಂದೇ ತುಂಡು ಹೊಲದಲ್ಲಿ ಮಾಡಿ ನೋಡಿ. ತುಂಬಿದ ತೆನೆ ಕೈಗೆ ಬಂದಾಗ ನಿಮಗೂ ಕೂಗಬೇಕೆನಿಸುತ್ತದೆ. ಕೂಗಿ! ಪಕ್ಕದ ಹೊಲದವರಿಗೂ ಕೇಳಲಿ.